ಸುರಂಗ ಕೊರೆದ ಮೇಲೆ ನೆಲ ಕುಸಿಯಬೇಕಲ್ವಾ? ನನ್ನ ಮಾಡೆಲ್‌ನಲ್ಲಿ ಉಬ್ಬುತ್ತಿದೆ!

ಮೆಶ್‌ಮರುಳ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಮಾಡೆಲ್ ಜೊತೆ ಗುದ್ದಾಡುತ್ತಿದ್ದೇನೆ. ಈಗ ಸೋತು ಇಲ್ಲಿಗೆ ಬಂದಿದ್ದೇನೆ.

ಕೆಲಸ ಇಷ್ಟು. ಟಿಬಿಎಂ, ಅಂದರೆ ಸುರಂಗ ಕೊರೆಯುವ ಯಂತ್ರ, ಕೊರೆದ ಒಂದು ಸುರಂಗ. ಹೊರವ್ಯಾಸ 6.5 ಮೀಟರ್, ನಡುಗೆರೆ ನೆಲದಿಂದ 18 ಮೀಟರ್ ಕೆಳಗೆ. ಲೈನಿಂಗ್, ಅಂದರೆ ಒಳಗೋಡೆಯ ರಿಂಗ್, 275 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಸೆಗ್ಮೆಂಟ್. ಮಣ್ಣು ಹೆಚ್ಚುಕಡಿಮೆ ಪೂರ್ತಿ ಗಟ್ಟಿ ಜೇಡಿ. ಮೊದಲನೇ ಸುರಂಗ ಮುಗಿದಿದೆ, ಮೇಲೆ ಕುಸಿತದ ಅಳತೆಯೂ ಕೈಯಲ್ಲಿದೆ. ಪಕ್ಕದಲ್ಲೇ ಎರಡನೆಯದು ಬರಲಿದೆ, ಅದರ ದಾರಿಯ ಮಗ್ಗುಲಲ್ಲಿ ಒಂದು ಹಳೆಯ ಇಟ್ಟಿಗೆ ಕಟ್ಟಡ ಇದೆ. ಹಾಗಾಗಿ ನಮ್ಮ ಹಿರಿಯರು ಹೇಳಿದ್ದು ಒಂದೇ ಮಾತು: "ಮೊದಲನೆಯದರ ಅಳತೆಗೆ ಮಾಡೆಲ್ ಹೊಂದಿಸು, ಆಮೇಲೆ ಎರಡನೆಯದನ್ನು ಓಡಿಸು." ಕೇಳೋಕೆ ಎಷ್ಟು ಸುಲಭ!

ನಾನು ಮಾಡಿದ್ದು ಎರಡು ಆಯಾಮದ ಫೈನೈಟ್ ಎಲಿಮೆಂಟ್ ಮಾಡೆಲ್, ಅಂದರೆ ನೆಲದ ಅಡ್ಡಕೊಯ್ತವನ್ನು ಮೆಶ್ ಅನ್ನುವ ಸಣ್ಣ ತುಂಡುಗಳ ಬಲೆಯಾಗಿ ಒಡೆದು ಕಂಪ್ಯೂಟರಿನಲ್ಲಿ ಮಾಡುವ ಲೆಕ್ಕ. ಮಣ್ಣಿಗೆ ಮೋರ್-ಕೂಲಂಬ್ ಅನ್ನುವ ಸರಳ ಮಾಡೆಲ್, ಇ ಮೌಲ್ಯ (ಗಟ್ಟಿತನ) 60 ಮೆಗಾಪ್ಯಾಸ್ಕಲ್, ಕೆ-ನಾಟ್ (ಮಣ್ಣಿನ ಅಡ್ಡ ಒತ್ತಡಕ್ಕೂ ಲಂಬ ಒತ್ತಡಕ್ಕೂ ಇರುವ ಅನುಪಾತ) 1.0, ಅನ್‌ಡ್ರೇನ್ಡ್ (ಮಣ್ಣಿನ ನೀರು ಹೊರಹೋಗಲು ಸಮಯವಿಲ್ಲ ಅನ್ನುವ ಲೆಕ್ಕ). ಸುರಂಗದೊಳಗಿನ ಮಣ್ಣು ತೆಗೆದು, ಲೈನಿಂಗ್ ಹಾಕಿ, 1% ಕಾಂಟ್ರಾಕ್ಷನ್ ಕೊಟ್ಟೆ, ಅಂದರೆ ಸುರಂಗದ ವಿಸ್ತೀರ್ಣವನ್ನು ಅಷ್ಟು ಕುಗ್ಗಿಸಿದೆ.

ಮೊದಲು ಮೆಶ್‌ನ ತಳವನ್ನು 35 ಮೀಟರ್ ಆಳದಲ್ಲಿ ಇಟ್ಟಿದ್ದೆ. ಸುರಂಗದ ನೆತ್ತಿಯ ಮೇಲೆ ನೆಲ 3.1 ಮಿಲಿಮೀಟರ್ ಕುಸಿಯಿತು. ಸೈಟಿನಲ್ಲಿ ಅಳೆದದ್ದು 13. ತಳ ತುಂಬಾ ಹತ್ತಿರ ಇರಬೇಕು ಅಂದುಕೊಂಡು 60 ಮೀಟರಿಗೆ ಇಳಿಸಿದೆ. ಕುಸಿತ 0.8ಕ್ಕೆ ಬಂತು! 80 ಮೀಟರಿಗೆ ಇಳಿಸಿದರೆ ನೆಲ 0.4 ಮಿಲಿಮೀಟರ್ ಮೇಲೆದ್ದಿತು. ಮೆಶ್ ದೊಡ್ಡದಾದಷ್ಟೂ ಉತ್ತರ ನಿಖರ ಆಗುತ್ತೆ ಅಂತ ಕಲಿತವನು ನಾನು. ಇಲ್ಲಿ ದೊಡ್ಡದು ಮಾಡಿದಷ್ಟೂ ಹದಗೆಡುತ್ತಿದೆ.

ಇನ್ನೊಂದು ವಿಷಯ. ಸೈಟಿನ ಕುಸಿತ ಕಡಿದಾದ ಬಾಣಲೆ ಥರ ಇದೆ, 25 ಮೀಟರ್ ಆಚೆ ಏನೂ ಇಲ್ಲ. ನನ್ನದು ತಟ್ಟೆ ಥರ ಚಪ್ಪಟೆ, 25 ಮೀಟರ್ ಆಚೆಗೂ ಹರಡಿದೆ. ಎಲ್ಲಿ ತಪ್ಪಿದೆ? ಸಾಫ್ಟ್‌ವೇರ್‌ನಲ್ಲೇ ಏನಾದರೂ ಬಗ್ ಇರಬಹುದಾ?

---

ಹಳೇಕುದುರೆ ಉತ್ತರ:

ತಲೆ ಕೆಡಿಸಿಕೊಳ್ಳಬೇಡಿ. ಇ ಮೌಲ್ಯ 60 ಅನ್ನೋದೇ ಜಾಸ್ತಿ ಆಯ್ತು. 15ಕ್ಕೆ ಇಳಿಸಿ, ಕುಸಿತ ನಾಲ್ಕು ಪಟ್ಟಾಗುತ್ತೆ, 3.1 ಇದ್ದದ್ದು 12ರ ಹತ್ತಿರ ಬರುತ್ತೆ. ರಿಪೋರ್ಟ್ ಬರೆದು ಮುಂದಿನ ಕೆಲಸ ನೋಡಿ. ಎಲ್ಲರೂ ಮಾಡೋದು ಇದೇ.

---

ಮೆಶ್‌ಮರುಳ:

ಮಧ್ಯಾಹ್ನ ಅದನ್ನೂ ಮಾಡಿ ನೋಡಿದೆ. ತಳ 60 ಮೀಟರ್, ಇ 15. ನೆಲ 10 ಮಿಲಿಮೀಟರಿಗಿಂತ ಜಾಸ್ತಿ ಮೇಲೆ ಬಂತು. ನನ್ನ ಹಿರಿಯರು ಪರದೆ ನೋಡಿ ಸುಮ್ನೆ ಎದ್ದು ಹೋದರು.

---

ಸುರಂಗಿ ಉತ್ತರ:

ಬಗ್ ಏನೂ ಇಲ್ಲ. ನಿಮ್ಮ ಸಾಫ್ಟ್‌ವೇರ್ ಕೊಟ್ಟ ಲೆಕ್ಕವನ್ನು ಅಚ್ಚುಕಟ್ಟಾಗಿ ಮಾಡಿದೆ. ಕೊಟ್ಟ ಲೆಕ್ಕವೇ ತಪ್ಪು. ಕಂಪ್ಯೂಟರ್ ಮುಚ್ಚಿ ಒಂದು ಹಾಳೆ ತಗೊಳ್ಳಿ.

ಸುರಂಗದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 33 ಚದರ ಮೀಟರ್. ಅಂದರೆ ಪ್ರತಿ ಮೀಟರ್ ಉದ್ದಕ್ಕೆ ನೀವು 66 ಟನ್ ಮಣ್ಣು ಹೊರಗೆ ಹಾಕಿದ್ದೀರಿ. ಬದಲಿಗೆ ಇಟ್ಟ ಲೈನಿಂಗ್ ತೂಕ 13 ಟನ್‌ಗಿಂತ ಸ್ವಲ್ಪ ಮೇಲೆ. ಮೀಟರಿಗೆ 53 ಟನ್ ಹಗುರ! ಕೆಳಗಿನ ಮಣ್ಣಿನ ಮೇಲಿದ್ದ ಹೊರೆ ಇಳಿಯಿತು, ಅದು ಮೇಲಕ್ಕೆ ಉಬ್ಬುತ್ತೆ. ಉಬ್ಬುವಾಗ ಸುರಂಗವನ್ನೂ, ಅದರ ಮೇಲಿನ ನೆಲವನ್ನೂ ಜೊತೆಗೆ ಎತ್ತುತ್ತೆ. ನಿಜದ ನೆಲದಲ್ಲೂ ಇದು ಆಗುತ್ತೆ, ಆದರೆ ಸ್ವಲ್ಪವೇ.

ಮಾಡೆಲ್‌ನಲ್ಲಿ ಅದು ಯಾಕೆ ಇಷ್ಟು ದೊಡ್ಡದಾಯಿತು ಅಂದರೆ, ನಿಮ್ಮ ಮೋರ್-ಕೂಲಂಬ್ ಮಣ್ಣು ಮುರಿಯುವವರೆಗೆ ಬರೀ ಸ್ಪ್ರಿಂಗು. ಹೊರೆ ಹಾಕಿದರೂ ಅದೇ ಇ, ಇಳಿಸಿದರೂ ಅದೇ ಇ. 20 ಮೀಟರ್ ಆಳದಲ್ಲೂ 70 ಮೀಟರ್ ಆಳದಲ್ಲೂ ಅದೇ 60. ಎರಡು ಆಯಾಮದ ಲೆಕ್ಕದಲ್ಲಿ ಇಂಥ ಸ್ಪ್ರಿಂಗನ್ನು ಉದ್ದ ಮಾಡುತ್ತಾ ಹೋದರೆ ಉಬ್ಬು ಎಲ್ಲೂ ನಿಲ್ಲುವುದಿಲ್ಲ. ಲಾಗರಿದಮ್ ಥರ ನಿಧಾನವಾಗಿ ಏರುತ್ತಲೇ ಇರುತ್ತೆ. ನಿಮ್ಮ ಮೂರು ಅಂಕಿಗಳನ್ನೇ ನೋಡಿ. 35ರಿಂದ 60ಕ್ಕೆ ಹೋದಾಗ 2.3 ಮಿಲಿಮೀಟರ್ ಏರಿತು, 60ರಿಂದ 80ಕ್ಕೆ 1.2. ಅಂದರೆ ನಿಮ್ಮ ಉತ್ತರ ಮಣ್ಣಿನದಲ್ಲ, ನೀವು ಮೌಸ್‌ನಲ್ಲಿ ಎಳೆದ ತಳದ ಗೆರೆಯದು.

ಇ ಇಳಿಸಿದಾಗ ನೆಲ ಎದ್ದದ್ದೂ ಇದೇ ಕಾರಣಕ್ಕೆ. 1% ಕಾಂಟ್ರಾಕ್ಷನ್ ಅಂತ ನೀವೇ ಕೈಯಾರೆ ಕೊಟ್ಟ ಮೇಲೆ ಅದರಿಂದ ಆಗುವ ಕುಸಿತಕ್ಕೆ ಇ ಸಂಬಂಧವೇ ಇಲ್ಲ. ಅದು ಬರೀ ರೇಖಾಗಣಿತ. ಆದರೆ ಉಬ್ಬು ಇ ಮೇಲೆ ನಿಂತಿದೆ. ಇ ಕಾಲುಭಾಗ ಆದರೆ ಉಬ್ಬು ನಾಲ್ಕು ಪಟ್ಟು. ಹಳೇಕುದುರೆಯವರೇ, ಕ್ಷಮಿಸಿ, ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ನಗುತ್ತಿಲ್ಲ, ಯಾಕೆಂದರೆ ಆ ಬರೆ ನಾನೂ ಹಾಕಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ. ನಾನು ಕಾಂಟ್ರಾಕ್ಷನ್ ಕೊಡದೆ, ಸುರಂಗದ ಸುತ್ತಲಿನ ಒತ್ತಡವನ್ನು ಭಾಗಭಾಗವಾಗಿ ಬಿಡುವ ವಿಧಾನ ಬಳಸಿದ್ದೆ. ಅದರಲ್ಲಿ ಇ ಇಳಿಸಿದರೆ ಕುಸಿತ ನಿಜಕ್ಕೂ ಜಾಸ್ತಿಯಾಗುತ್ತೆ. ತಳವನ್ನು ಹತ್ತಿರ ಇಟ್ಟು, ಇ ಕಾಲುಭಾಗಕ್ಕೆ ಇಳಿಸಿ, ಅಳತೆಯ ಅಂಕಿಗೆ ಸರಿಯಾಗಿ ಕೂರಿಸಿದೆ. ಗ್ರಾಫ್ ನೋಡಿ ಎಲ್ಲರೂ ಖುಷಿ. ಅದೇ ಮೆತ್ತನೆ ಮಣ್ಣಿನಿಂದ ಲೈನಿಂಗ್ ಲೆಕ್ಕವೂ ಹೋಯಿತು. ಸುತ್ತಲ ಮಣ್ಣು ಮೆತ್ತಗಿದ್ದರೆ ರಿಂಗ್ ಜಾಸ್ತಿ ಬಾಗುತ್ತೆ, ಬೆಂಡಿಂಗ್ ಮೊಮೆಂಟ್ ಜಾಸ್ತಿ ಬರುತ್ತೆ. ಬೇಡದ ಕಬ್ಬಿಣ ಸೇರಿಕೊಂಡಿತು. ಎರಡನೇ ಸುರಂಗ ಬಂದಾಗ ನನ್ನ ಕುಸಿತದ ಗೆರೆ ಒಂದು ಕಡೆ, ಅಳತೆಯ ಚುಕ್ಕೆಗಳು ಇನ್ನೊಂದು ಕಡೆ. ಅವತ್ತು ಮೀಟಿಂಗ್‌ನಲ್ಲಿ ನಾನು ಪೆನ್ನಿನ ಮುಚ್ಚಳ ಎಷ್ಟು ಸಲ ತೆಗೆದು ಹಾಕಿದೆನೋ ಲೆಕ್ಕವಿಲ್ಲ.

ಈಗ ನಿಮ್ಮ ಕೆಲಸ. ಮೊದಲು ಮಾಡೆಲ್ ಮುಟ್ಟದೆ ಕೈಲೆಕ್ಕ ಮಾಡಿ. ಮಣ್ಣಿನ ಎಂಜಿನಿಯರ್ ರಾಲ್ಫ್ ಪೆಕ್ 1969ರಲ್ಲಿ ಮೆಕ್ಸಿಕೊ ನಗರದ ಸಮ್ಮೇಳನದಲ್ಲಿ ತೋರಿಸಿದ ದಾರಿ ಇವತ್ತಿಗೂ ನಡೆಯುತ್ತೆ. ಕುಸಿತದ ಬಾಣಲೆ ಗಂಟೆಯಾಕಾರದ ಗೌಸಿಯನ್ ಗೆರೆ. ಅದರ ಅಗಲವನ್ನು ಐ ಅನ್ನುತ್ತೇವೆ, ನಡುವಿನಿಂದ ಗೆರೆ ತಿರುವು ಬದಲಿಸುವ ಜಾಗದವರೆಗಿನ ದೂರ. ಜೇಡಿಯಲ್ಲಿ ಅದು ಸುಮಾರು ಆಳದ ಅರ್ಧ, ಅಂದರೆ ನಿಮಗೆ 9 ಮೀಟರ್. ಬಾಣಲೆಯ ಒಟ್ಟು ಗಾತ್ರ ಅಂದರೆ 2.5 ಗುಣಿಸು ಐ ಗುಣಿಸು ನಡುವಿನ ಕುಸಿತ. 1% ವಾಲ್ಯೂಮ್ ಲಾಸ್‌ಗೆ, ಅಂದರೆ ಬಾಣಲೆಯ ಗಾತ್ರ ಸುರಂಗದ ಗಾತ್ರದ 1% ಅಂತ ಹಿಡಿದು, ಈ ಲೆಕ್ಕ ಹಾಕಿದರೆ ನಡುವೆ 14 ರಿಂದ 15 ಮಿಲಿಮೀಟರ್ ಬರುತ್ತೆ. ನಿಮ್ಮ ಅಳತೆ 13. ನೋಡಿ, ಒಂದು ಪೆನ್ಸಿಲ್ಲು ನಿಮ್ಮ ಮೂರು ವಾರಕ್ಕಿಂತ ಹತ್ತಿರ ಬಂತು.

ಆಮೇಲೆ ಅಳತೆಯ ಚುಕ್ಕೆಗಳಿಗೆ ಈ ಗೆರೆ ಕೂರಿಸಿ ನಿಜವಾದ ಐ ಮತ್ತು ನಿಜವಾದ ವಾಲ್ಯೂಮ್ ಲಾಸ್ ಹೊರತೆಗೆಯಿರಿ. 1% ಅನ್ನೋದು ನೀವು ಎಲ್ಲಿಂದಲೋ ತಂದದ್ದು. ಎರಡು ಆಯಾಮದ ಮಾಡೆಲ್‌ಗೆ ಯಂತ್ರದ ಮುಖದ ಒತ್ತಡ ಗೊತ್ತಿಲ್ಲ, ಅದರ ಬಾಲದಲ್ಲಿ ಗ್ರೌಟ್ (ಲೈನಿಂಗ್ ಸುತ್ತಲಿನ ಸಂದು ತುಂಬುವ ಗಾರೆ) ಸರಿಯಾಗಿ ತುಂಬಿತೋ ಇಲ್ಲವೋ ಗೊತ್ತಿಲ್ಲ. ವಾಲ್ಯೂಮ್ ಲಾಸ್ ಅದು ಕೊಡುವ ಉತ್ತರ ಅಲ್ಲ, ನಾವು ಅದಕ್ಕೆ ಕೊಡುವ ಮಾಹಿತಿ.

ಕೊನೆಗೆ ಮಣ್ಣಿನ ಮಾಡೆಲ್ ಬದಲಿಸಿ. ಹಾರ್ಡನಿಂಗ್ ಸಾಯಿಲ್, ಅದರಲ್ಲೂ ಸಣ್ಣ ಸ್ಟ್ರೇನ್‌ನ ಗಟ್ಟಿತನ ಇರುವ ಸ್ಮಾಲ್ ಆವೃತ್ತಿ. ಮಣ್ಣು ತುಂಬಾ ಸ್ವಲ್ಪ ಅಲುಗಿದಾಗ ತುಂಬಾ ಗಟ್ಟಿ, ಜಾಸ್ತಿ ಅಲುಗಿದಷ್ಟೂ ಮೆತ್ತಗೆ. ಸುರಂಗದ ಪಕ್ಕದ ಮಣ್ಣು ಚೆನ್ನಾಗಿ ಅಲುಗುತ್ತೆ. ದೂರದ್ದು, ಆಳದ್ದು ಅಲುಗುವುದೇ ಇಲ್ಲ, ಗಟ್ಟಿಯಾಗಿ ಕೂತಿರುತ್ತೆ. ಹಾಗಾಗಿ ತಳದ ಉಬ್ಬು ತಾನಾಗೇ ಸಾಯುತ್ತೆ, ಬಾಣಲೆಯೂ ಕಿರಿದಾಗುತ್ತೆ. ಅದು ಇಲ್ಲದಿದ್ದರೆ ಕನಿಷ್ಠ ಇ ಮೌಲ್ಯವನ್ನು ಆಳದ ಜೊತೆ ಏರಿಸಿ. ತಳವನ್ನು ನಾನಾದರೆ ಸುರಂಗದ ಬುಡದಿಂದ ಎರಡು ವ್ಯಾಸದಷ್ಟು ಕೆಳಗೆ ಇಡುತ್ತೇನೆ. ಆಮೇಲೆ ತಪ್ಪದೆ ಅದನ್ನು ಒಂದು ಸಲ ಅಲ್ಲಾಡಿಸಿ ನೋಡುತ್ತೇನೆ. ತಳ ಅಲ್ಲಾಡಿಸಿದರೆ ಉತ್ತರ ಅಲ್ಲಾಡಬಾರದು.

---

ಮೆಶ್‌ಮರುಳ:

ಹಾಳೆಯ ಲೆಕ್ಕ ಮಾಡಿದೆ. ಮೂರು ವಾರದ ಹಿಂದೆಯೇ ಮಾಡಬೇಕಿತ್ತು, ನಾಚಿಕೆಯಾಯಿತು.

ಅಳತೆಗೆ ಗೆರೆ ಕೂರಿಸಿದರೆ ಐ 8 ಮೀಟರ್, ವಾಲ್ಯೂಮ್ ಲಾಸ್ 0.8% ಬಂತು. ಅದನ್ನೇ ಮಾಡೆಲ್‌ಗೆ ಕೊಟ್ಟೆ. ಹಾರ್ಡನಿಂಗ್ ಸಾಯಿಲ್ ಸ್ಮಾಲ್‌ಗೆ ಬದಲಿಸಿದೆ. ತಳ 35 ಮೀಟರ್ ಇದ್ದಾಗ 9.6 ಮಿಲಿಮೀಟರ್, 60 ಮೀಟರ್ ಮಾಡಿದಾಗ 9.1. ಉಬ್ಬು ಹೋಯಿತು! ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿ ಬಂದೆ.

ಆದರೆ ಬಾಣಲೆ ಇನ್ನೂ ಅಗಲವೇ. ಮಾಡೆಲ್‌ನ ಐ 11 ಮೀಟರ್, ಸೈಟಿನದು 8. ಇದಕ್ಕೆ ಮೂರು ಆಯಾಮದ ಮಾಡೆಲ್ ಮಾಡಬೇಕಾ? ಅಥವಾ 9.6 ಮತ್ತು 13 ಹತ್ತಿರವೇ ಅಲ್ವಾ, ಬಿಟ್ಟುಬಿಡಲಾ?

---

ಸುರಂಗಿ ಉತ್ತರ:

ಬಿಡಬೇಡಿ, ಆ ಇಟ್ಟಿಗೆ ಕಟ್ಟಡ ಇದೆಯಲ್ಲ. ಕಟ್ಟಡ ಬಿರುಕು ಬಿಡುವುದು ಒಟ್ಟು ಕುಸಿತಕ್ಕಲ್ಲ, ಒಂದು ಮೂಲೆ ಇನ್ನೊಂದಕ್ಕಿಂತ ಜಾಸ್ತಿ ಇಳಿಯುವುದಕ್ಕೆ. ಬಾಣಲೆಯ ಅತಿ ಕಡಿದಾದ ಜಾಗ ಐ ದೂರದಲ್ಲಿದೆ, ಅಲ್ಲಿನ ಇಳಿಜಾರು 0.6 ಗುಣಿಸು ನಡುವಿನ ಕುಸಿತ, ಭಾಗಿಸು ಐ. ಸೈಟಿನಲ್ಲಿ ಅದು ಮೀಟರಿಗೆ ಸುಮಾರು 1 ಮಿಲಿಮೀಟರ್. ನಿಮ್ಮ ಮಾಡೆಲ್‌ನಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಡುವಿನ ಅಂಕಿ ನೋಡಿದರೆ ಮುಕ್ಕಾಲು ಪಾಲು ಸರಿ ಅನಿಸುತ್ತೆ, ಕಟ್ಟಡಕ್ಕೆ ಬೇಕಾದ ಅಂಕಿ ಮಾತ್ರ ಅರ್ಧ! ಅದೂ ಅಪಾಯದ ಕಡೆಗೆ ತಪ್ಪು.

ಮೂರು ಆಯಾಮದ ಆಸೆ ಸದ್ಯಕ್ಕೆ ಬೇಡ. ಈ ಅಗಲದ ಕಾಯಿಲೆ ನಿಮ್ಮೊಬ್ಬರದಲ್ಲ. ಲಂಡನ್ನಿನ ಸೇಂಟ್ ಜೇಮ್ಸ್ ಪಾರ್ಕ್ ಕೆಳಗೆ 1990ರ ದಶಕದಲ್ಲಿ ಜ್ಯೂಬಿಲಿ ಲೈನ್ ಮೆಟ್ರೋದ ಎರಡು ಸುರಂಗ ಕೊರೆದಾಗ ಮೇಲೆ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಅಳೆಯಲು ಅದಕ್ಕಿಂತ ಒಳ್ಳೆ ಜಾಗ ಬೇಕಾ? ಎರಡರಲ್ಲಿ ಆಳದ ಸುರಂಗದ ನಡುಗೆರೆ 31 ಮೀಟರ್ ಕೆಳಗೆ. ಸಾಮಾನ್ಯವಾಗಿ ಆ ಜೇಡಿಯಲ್ಲಿ 1 ರಿಂದ 2% ವಾಲ್ಯೂಮ್ ಲಾಸ್ ಅಂದುಕೊಳ್ಳುತ್ತಿದ್ದರು. ಅಲ್ಲಿ ಅಳೆದದ್ದು 3.3%. ನಡುವಿನ ಕುಸಿತ ಸುಮಾರು 20 ಮಿಲಿಮೀಟರ್. ಆ ಅಳತೆ ಇಟ್ಟುಕೊಂಡು ಎಷ್ಟೋ ಜನ ಮಾಡೆಲ್ ಮಾಡಿದರು. 1997ರಲ್ಲಿ ಅಡೆನ್‌ಬ್ರೂಕ್, ಪಾಟ್ಸ್, ಪುಜ್ರಿನ್ ಅನ್ನುವ ಸಂಶೋಧಕರು ಸೇರಿ ಪ್ರಕಟಿಸಿದ ಲೆಕ್ಕದಲ್ಲಿ ಸಣ್ಣ ಸ್ಟ್ರೇನ್‌ನ ಗಟ್ಟಿತನ ಹಾಕಿದ ಮೇಲೂ ಬಾಣಲೆ ಅಗಲವಾಗಿಯೇ ಬಂತು. ಕೆ-ನಾಟ್ 1.5 ಇರುವ ಗಟ್ಟಿ ಜೇಡಿ ಅದು. ಮುಂದೆ 2005ರಲ್ಲಿ ಪ್ರಕಟವಾದ ಮೂರು ಆಯಾಮದ ಲೆಕ್ಕದಲ್ಲೂ ಅಗಲ ಹೋಗಲಿಲ್ಲ. ಕಂಪ್ಯೂಟರ್ ದೊಡ್ಡದಾಯಿತು, ರಾತ್ರಿಯಿಡೀ ಓಡಿತು, ಬಾಣಲೆ ತಟ್ಟೆಯಾಗಿಯೇ ಉಳಿಯಿತು.

ಕಾರಣದ ಒಂದು ಪಾಲು ಕೆ-ನಾಟ್‌ನಲ್ಲಿದೆ. ಅಡ್ಡ ಒತ್ತಡ ಜಾಸ್ತಿ ಇದ್ದಾಗ ಸುರಂಗದ ಎರಡು ಪಕ್ಕೆಗಳು ಒಳಗೆ ಬರುತ್ತವೆ, ನೆತ್ತಿ ಕಡಿಮೆ ಇಳಿಯುತ್ತೆ. ಬಾಣಲೆ ಹರಡುತ್ತೆ. ಹಾಗಾಗಿ ಸುರಂಗದ ಸುತ್ತ ಒಂದು ಪಟ್ಟಿಯಲ್ಲಿ ಮಾತ್ರ ಕೆ-ನಾಟ್ ಇಳಿಸಿ ನೋಡುವವರಿದ್ದಾರೆ. ಬಾಣಲೆ ಕಿರಿದಾಗುತ್ತೆ. ಮಣ್ಣಿನ ನಿಜ ಅದು ಅಂತ ನಾನು ಹೇಳುವುದಿಲ್ಲ. ಅದೊಂದು ತೇಪೆ. ನೀವು ಹಾಕಿದರೆ ತೇಪೆ ಅಂತಲೇ ರಿಪೋರ್ಟಿನಲ್ಲಿ ಬರೆಯಿರಿ. ಕಟ್ಟಡದ ಲೆಕ್ಕಕ್ಕೆ ನಾನಾದರೆ ಮಾಡೆಲ್‌ನ ಬಾಣಲೆ ಪಕ್ಕಕ್ಕಿಟ್ಟು, ಅಳತೆಯಿಂದ ಬಂದ 8 ಮೀಟರ್ ಗೆರೆಯನ್ನೇ ಬಳಸುತ್ತೇನೆ. ಎರಡನೇ ಸುರಂಗ ಆಗಲೇ ಒಮ್ಮೆ ಅಲುಗಿದ ಮಣ್ಣಿನಲ್ಲಿ ಹೋಗುತ್ತೆ, ಹಾಗಾಗಿ ವಾಲ್ಯೂಮ್ ಲಾಸ್ ಸ್ವಲ್ಪ ಜಾಸ್ತಿ ಹಿಡಿಯುತ್ತೇನೆ. ಮಾಡೆಲ್‌ಗೆ ಬೇರೆ ಕೆಲಸ ಇದೆ: ಮೊದಲನೇ ಸುರಂಗದ ರಿಂಗ್ ಎರಡನೆಯದಕ್ಕೆ ಹೇಗೆ ಬಾಗುತ್ತೆ ಅಂತ ಪೆಕ್ ಅವರ ಗೆರೆ ಹೇಳುವುದಿಲ್ಲ.

ಅನ್‌ಡ್ರೇನ್ಡ್ ಅಂದಿರಿ. ಯಾವ ಬಗೆ ಒತ್ತಿದ್ದೀರಿ ಅಂತ ಒಂದು ಸಲ ನೋಡಿಕೊಳ್ಳಿ. ಎಫೆಕ್ಟಿವ್ ಸಿ ಮತ್ತು ಫೈ (ನೀರಿನ ಒತ್ತಡ ಕಳೆದ ಲೆಕ್ಕದಲ್ಲಿ ಮಣ್ಣಿನ ಅಂಟು ಮತ್ತು ಘರ್ಷಣೆಯ ಕೋನ) ಕೊಟ್ಟು ಮೋರ್-ಕೂಲಂಬ್ ಓಡಿಸಿದರೆ ಮೆತ್ತನೆ ಜೇಡಿಯಲ್ಲಿ ಮಣ್ಣಿನ ಬಲವನ್ನು ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತೆ, ಹೊರೆ ಬಿದ್ದಾಗ ಏರುವ ನೀರಿನ ಒತ್ತಡ ಆ ಲೆಕ್ಕದಲ್ಲಿ ಪೂರ್ತಿ ಬರುವುದಿಲ್ಲ. 2004ರ ಏಪ್ರಿಲ್ 20ರಂದು ಸಿಂಗಪುರದ ನಿಕೊಲ್ ಹೈವೇ ಬಳಿ ಮೆಟ್ರೋ ಸುರಂಗಕ್ಕೆ ತೋಡಿದ ಆಳದ ಕಂದಕ ಕುಸಿದು ನಾಲ್ವರು ಸತ್ತರು. ವಿಚಾರಣೆಯಲ್ಲಿ ಹೊರಬಂದ ತಪ್ಪುಗಳಲ್ಲಿ ಇದೂ ಒಂದು. ಗೋಡೆಯ ಬಾಗುವಿಕೆಯನ್ನು ಲೆಕ್ಕ ಕಡಿಮೆ ತೋರಿಸಿತ್ತು. ಅಡ್ಡಗಂಬಗಳ ಜೋಡಣೆಯೂ ದುರ್ಬಲವಾಗಿತ್ತು, ಎರಡೂ ಸೇರಿದವು. ನಿಮ್ಮದು ಗಟ್ಟಿ ಜೇಡಿ, ಅಷ್ಟು ಭಯ ಬೇಡ. ಆದರೆ ಮೆನುವಿನಲ್ಲಿ ಮೊದಲು ಕಂಡದ್ದನ್ನು ಒತ್ತುವ ಅಭ್ಯಾಸ ಬಿಡಿ.

---

ಲೆವೆಲ್‌ಪುಸ್ತಕ ಉತ್ತರ:

ನಾನು ಮಾಡೆಲ್ ಮಾಡುವವನಲ್ಲ. ಬೆಳಗಿನ ಜಾವ ಸ್ಟಾಫ್ (ಅಳತೆಗೋಲು) ಹಿಡಿದು ನೀವು ಹೊಂದಿಸುವ ಆ ಚುಕ್ಕೆಗಳನ್ನು ಅಳೆಯುವವನು. ಒಂದು ಪ್ರಶ್ನೆ: ಆ 13 ಮಿಲಿಮೀಟರ್ ಎಲ್ಲಿ ಅಳೆದದ್ದು?

ಕೇಳಲು ಕಾರಣ ಇದೆ. ಒಂದು ಕೆಲಸದಲ್ಲಿ ನಮ್ಮ ಪಾಯಿಂಟ್‌ಗಳೆಲ್ಲ ರಸ್ತೆಯ ಕಾಂಕ್ರೀಟ್ ಚಪ್ಪಡಿಗೆ ಹೊಡೆದ ಮೊಳೆಗಳು. ಯಂತ್ರ ಕೆಳಗೆ ಹಾದುಹೋಯಿತು, ಮೊಳೆ ಇಳಿದದ್ದು ಬರೀ 3 ಮಿಲಿಮೀಟರ್. ಎಲ್ಲರೂ ಕೈ ಕುಲುಕಿದರು. ಕೆಲವು ದಿನದ ಮೇಲೆ ಬೇರೆ ಯಾವುದೋ ಪೈಪಿಗೆ ಚಪ್ಪಡಿ ಒಡೆದರೆ ಕೆಳಗೆ ಅಂಗೈ ತೂರುವಷ್ಟು ಸಂದು! ಮಣ್ಣು ಇಳಿದಿತ್ತು, ಚಪ್ಪಡಿ ಸೇತುವೆ ಥರ ಹಾಗೇ ನಿಂತಿತ್ತು. ಆಮೇಲಿಂದ ನಾನು ಚಪ್ಪಡಿ ಕೊರೆದು, ಕೊಳವೆ ಇಳಿಸಿ, ಸರಳನ್ನು ಕೆಳಗಿನ ಮಣ್ಣಿಗೇ ಊರುತ್ತೇನೆ. ಚಪ್ಪಡಿಗೂ ಸರಳಿಗೂ ತಾಗದ ಹಾಗೆ.

ಇನ್ನೊಂದು. ಯಂತ್ರ ಬರುವ ಮೊದಲಿನ ಓದುಗಳನ್ನೂ ಕೇಳಿ ತಗೊಳ್ಳಿ. ಬಿಸಿಲಿಗೆ, ಮಳೆಗೆ ಪಾಯಿಂಟ್‌ಗಳು ತಾವಾಗೇ ಒಂದೆರಡು ಮಿಲಿಮೀಟರ್ ಏರಿ ಇಳಿಯುತ್ತವೆ. ನೀವು ದಶಮಾಂಶದಲ್ಲಿ 9.6, 9.1 ಅಂತ ಬರೆದಾಗ ನನಗೆ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ.

---

ಹಳೇಕುದುರೆ:

ಸುರಂಗಿಯವರ ಬರೆ ನನಗೂ ಬಿತ್ತು, ಒಪ್ಪಿದೆ. ನಾನು ಯಾವಾಗಲೂ ಒತ್ತಡ ಬಿಡುವ ವಿಧಾನದಲ್ಲೇ ಮಾಡುತ್ತಿದ್ದೆ, ತಳವನ್ನು ಬಂಡೆಯ ಮೇಲೆ ಇಡುತ್ತಿದ್ದೆ. ಹಾಗಾಗಿ ಇ ಇಳಿಸಿದಾಗಲೆಲ್ಲ ಕುಸಿತ ಜಾಸ್ತಿಯಾಗಿದ್ದನ್ನೇ ನೋಡಿದ್ದು. ಇವರ ಕೆಳಗೆ ಬಂಡೆ ಎಷ್ಟು ಆಳದಲ್ಲಿದೆ ಅಂತ ನಾನೇ ಕೇಳಬೇಕಿತ್ತು.

---

ಮೆಶ್‌ಮರುಳ:

ಹಳೇಕುದುರೆಯವರೇ, ಬಂಡೆ ಎಲ್ಲಿದೆ ಅಂತ ನನಗೂ ಗೊತ್ತಿಲ್ಲ. ನಮ್ಮ ಬೋರ್‌ಹೋಲ್‌ಗಳು 40 ಮೀಟರಿಗೇ ನಿಂತಿವೆ, ಅಲ್ಲಿಯವರೆಗೂ ಜೇಡಿಯೇ. 60, 80 ಅಂತ ನಾನು ತಳ ಇಳಿಸಿದ್ದು ಯಾರೂ ನೋಡದ ಮಣ್ಣಿನೊಳಗೆ.

ಲೆವೆಲ್‌ಪುಸ್ತಕ ಅವರ ಪ್ರಶ್ನೆ ಓದಿದ ಮೇಲೆ ಸೈಟಿಗೆ ಫೋನ್ ಮಾಡಿದೆ. ಆ ಸಾಲಿನಲ್ಲಿ 11 ಪಾಯಿಂಟ್. ಎರಡು ಬದಿಯ ಆರು ಮಣ್ಣಿನಲ್ಲಿ ಊರಿದವು. ನಡುವಿನ ಐದು ರಸ್ತೆಯ ಚಪ್ಪಡಿಗೆ ಹೊಡೆದ ಮೊಳೆಗಳೇ. ಅಂದರೆ ಕೆಳಗಿನ ಮಣ್ಣು 13ಕ್ಕಿಂತ ಜಾಸ್ತಿ ಇಳಿದಿರಬಹುದು, ಬಾಣಲೆ 8ಕ್ಕಿಂತಲೂ ಕಿರಿದಾಗಿರಬಹುದು. ನನ್ನ ಮಾಡೆಲ್ ಇನ್ನಷ್ಟು ದೂರ ಹೋಯಿತು.

ಎರಡನೇ ಯಂತ್ರ ಅಲ್ಲಿಗೆ ಬರಲು ಇನ್ನೂ ಸಮಯ ಇದೆ. ಕಟ್ಟಡದ ಮುಂದೆ ಚಪ್ಪಡಿ ಕೊರೆದು ಐದು ಸರಳು ಇಳಿಸಿ ಅಂತ ಈಗಷ್ಟೇ ಬರೆದು ಕಳಿಸಿದೆ. ಹಿರಿಯರು ಸಹಿ ಹಾಕುವ ಮೊದಲು ಕೇಳಿದ್ದು, "ಮಾಡೆಲ್ ಏನಾಯ್ತು?" ಹಾಳೆಯ ಲೆಕ್ಕ ತೋರಿಸಿದೆ.